ಅಲ್ಮೇರಾದ ಹಾಡು ಸ್ಪೀಕರಿಗೆ ಬಂದ ದಾರಿ

ದೇವನಹಳ್ಳಿಯಲ್ಲಿ ಹುಟ್ಟಿದ ಕೆ.ಎಸ್. ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' ಧ್ವನಿಸುರುಳಿಯಾಗಿ ಬಂದದ್ದು 1978ರಲ್ಲಿ. ಮೈಸೂರು ಅನಂತಸ್ವಾಮಿ ರಾಗ ಹಾಕಿದ ಅದನ್ನು ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದು ಕರೆಯುವುದು ವಾಡಿಕೆ. ಅಲ್ಲಿಯವರೆಗೆ ಇಂಥ ಹಾಡು ಬೇಕೆಂದರೆ ಹೆಚ್ಚಿನವರು ಆಕಾಶವಾಣಿಯವರು ಹಾಕುವ ಹೊತ್ತಿಗೆ ಕಾದು ಕೂರಬೇಕಿತ್ತು. ಕ್ಯಾಸೆಟ್ ಬಂದ ಮೇಲೆ ಹಾಡು ಮನೆಯ ಸ್ವತ್ತಾಯಿತು. ಬೇಕಾದಾಗ ಹಾಕಿಕೊಳ್ಳಬಹುದು, ತಿರುಗಿಸಿ ಹಾಕಬಹುದು, ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತಬಹುದು.

ಆ ಕ್ಯಾಸೆಟ್ಟುಗಳು ಈಗ ದೊಡ್ಡಬಳ್ಳಾಪುರ, ಹೊಸಕೋಟೆಯ ಎಷ್ಟೋ ಮನೆಗಳ ಅಲ್ಮೇರಾಗಳಲ್ಲಿ ಮಲಗಿವೆ. ಜೊತೆಗೆ ಒಂದಿಷ್ಟು ಸಿ.ಡಿ., ಹಳೇ ಹಾರ್ಡ್‌ಡಿಸ್ಕಿನಲ್ಲಿ ಎಂಪಿ3 ಫೋಲ್ಡರುಗಳು. ಹಾಲಿನಲ್ಲಿ ಒಳ್ಳೆಯ ಆಂಪ್ಲಿಫೈಯರ್, ಸ್ಪೀಕರ್ ಇದ್ದರೂ ಹಾಡು ಬರುವುದು ಮಾತ್ರ ಮೊಬೈಲಿನಿಂದ, ಬ್ಲೂಟೂತಿನಲ್ಲಿ. ನಡುವೆ ಕರೆ ಬಂದರೆ ಹಾಡು ನಿಂತಿತು. ನೆಟ್‌ವರ್ಕ್ ಪ್ಲೇಯರ್ ಎಂಬ ಪುಟ್ಟ ಪೆಟ್ಟಿಗೆ ಹುಟ್ಟಿದ್ದೇ ಈ ಅಂತರ ತುಂಬುವುದಕ್ಕೆ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಹಾಡುಗಳೆಲ್ಲ ಕಂಪ್ಯೂಟರಿನೊಳಗೆ ಹೊಕ್ಕವು. ಕಂಪ್ಯೂಟರ್ ಒಂದು ಕೋಣೆಯಲ್ಲಿ, ಸ್ಟೀರಿಯೊ ಇನ್ನೊಂದು ಕೋಣೆಯಲ್ಲಿ. ಕ್ಯಾಲಿಫೋರ್ನಿಯಾದ ಶಾನ್ ಆಡಮ್ಸ್ ಎಂಬ ತರುಣ ಸ್ಲಿಮ್ ಡಿವೈಸಸ್ ಎಂಬ ಕಂಪನಿ ಕಟ್ಟಿ, 2001ರಲ್ಲಿ 'ಸ್ಲಿಂಪ್3' ಎಂಬ ಪೆಟ್ಟಿಗೆ ತಂದ. ಅದರೊಳಗೆ ಹಾಡಿಲ್ಲ, ಡಿಸ್ಕ್ ಇಲ್ಲ. ನೆಟ್‌ವರ್ಕ್ ತಂತಿಯಲ್ಲಿ ಬಂದ ಅಂಕಿಗಳನ್ನು ಸದ್ದಾಗಿಸಿ ಆಂಪ್ಲಿಫೈಯರಿಗೆ ಕೊಡುವುದಷ್ಟೇ ಅದರ ಕೆಲಸ. 2003ರಲ್ಲಿ ವೈಫೈ ಸೇರಿಸಿಕೊಂಡು 'ಸ್ಕ್ವೀಜ್‌ಬಾಕ್ಸ್' ಬಂತು. 2006ರಲ್ಲಿ ಲಾಜಿಟೆಕ್ ಎಂಬ ದೊಡ್ಡ ಸಂಸ್ಥೆ ಸ್ಲಿಮ್ ಡಿವೈಸಸನ್ನು ಕೊಂಡಿತು, 2012ರಲ್ಲಿ ಪೆಟ್ಟಿಗೆಗಳ ತಯಾರಿಯನ್ನೇ ಕೈಬಿಟ್ಟಿತು.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಯಾಕೆಂದರೆ ಮನೆಯ ಕಂಪ್ಯೂಟರಿನಲ್ಲಿ ಕೂತು ಹಾಡು ಬಡಿಸುವ ಅದರ ಸರ್ವರ್ ತಂತ್ರಾಂಶ ಮುಕ್ತವಾಗಿತ್ತು. ಬಳಕೆದಾರರೇ ಅದನ್ನು ಸಾಕಿಕೊಂಡು ಬಂದರು; 'ಲಿರಿಯಾನ್' ಎಂಬ ಹೊಸ ಹೆಸರಿನಲ್ಲಿ ಅದು ಇವತ್ತಿಗೂ ನಡೆಯುತ್ತಿದೆ. ಗೂಗಲ್‌ನ 'ಕ್ರೋಮ್‌ಕಾಸ್ಟ್ ಆಡಿಯೊ' ಎಂಬ ಇಂಥದ್ದೇ ಪೆಟ್ಟಿಗೆಯ ಪಾಡು ಬೇರೆ. 2015ರಲ್ಲಿ ಬಂದು 2019ರ ಹೊತ್ತಿಗೆ ಮಾರಾಟ ನಿಂತಿತು. ಕೊಂಡವರ ಮನೆಯಲ್ಲಿ ಕೆಲಸ ಮಾಡುತ್ತಲೇ ಇತ್ತು, 2025ರ ಮಾರ್ಚ್‌ನಲ್ಲಿ ಅದರೊಳಗಿನ ಡಿಜಿಟಲ್ ಪ್ರಮಾಣಪತ್ರವೊಂದರ ಅವಧಿ ಮುಗಿಯುವ ತನಕ. ಗೂಗಲ್ ದುರಸ್ತಿ ಕಳಿಸುವವರೆಗೆ ಎಲ್ಲೆಡೆ ಆ ಪೆಟ್ಟಿಗೆಗಳು ಬಾಯಿ ಕಟ್ಟಿ ಕೂತವು. ಪ್ಲೇಯರ್ ಕೊಳ್ಳಹೊರಟವರು ನೋಡಬೇಕಾದದ್ದು ಇದನ್ನೇ ಎಂದು ನನಗನಿಸುತ್ತದೆ: ಇಂಟರ್‌ನೆಟ್ ಕಿತ್ತರೂ, ಕಂಪನಿ ಬಾಗಿಲು ಹಾಕಿದರೂ, ಮನೆಯ ಡಿಸ್ಕಿನಲ್ಲಿರುವ ಹಾಡನ್ನು ಇದು ನುಡಿಸುತ್ತದೆಯೆ?

ಬೆಲೆಯ ವಿಷಯಕ್ಕೆ ಬಂದರೆ, ದಾರಿ ಬದಲಿಸಿದ್ದು 2012ರ ಫೆಬ್ರುವರಿಯಲ್ಲಿ ಬಂದ ಅಂಗೈಯಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ. ಅದರ ಸ್ವಂತ ಹೆಡ್‌ಫೋನ್ ತೂತಿನ ಸದ್ದು ಸಪ್ಪೆ. ಆ ಕೊರತೆ ನೀಗಲು ಪೈ ಬೆನ್ನೇರಿ ಕೂತು ಅಂಕಿಗಳನ್ನು ಸದ್ದಾಗಿಸುವ ಡ್ಯಾಕ್ ಬೋರ್ಡುಗಳು ಹುಟ್ಟಿಕೊಂಡವು. ಅವನ್ನು ಮಾಡಿ ಹೊರದೇಶದ ಕೇಳುಗರ ಮೆಚ್ಚುಗೆ ಗಳಿಸಿದವರಲ್ಲಿ ನಮ್ಮ ಬೆಂಗಳೂರಿನ 'ಅಲೋ' ಕಂಪನಿಯೂ ಒಂದು. ಅವರ 'ಬಾಸ್' ಡ್ಯಾಕ್ ತನ್ನದೇ ಗಡಿಯಾರ ಇಟ್ಟುಕೊಂಡು ಪೈಗೇ ತಾಳ ಹಾಕುತ್ತದೆ. 'ಡಿಜಿಒನ್' ಸದ್ದು ಮಾಡದೆ ಶುದ್ಧ ಅಂಕಿಗಳನ್ನು ಹೊರಗಿನ ಡ್ಯಾಕಿಗೆ ದಾಟಿಸುತ್ತದೆ. ಪೈನಲ್ಲಿ ಹಾಕಲು ವಾಲ್ಯೂಮಿಯೊ, ಮೂಡ್, ಪೈಕೋರ್‌ಪ್ಲೇಯರ್‌ನಂಥ ತಂತ್ರಾಂಶಗಳಿವೆ.

ಕರೆಂಟು ಹೇಳದೆ ಕೇಳದೆ ಹೋಗುವ ನಮ್ಮ ಹಳ್ಳಿಗಳಿಗೆ ಇವುಗಳಲ್ಲಿ ಪೈಕೋರ್‌ಪ್ಲೇಯರ್ ಹೊಂದುತ್ತದೆ. ಪೈನಲ್ಲಿ ಹಾಕುವ ಮೆಮೊರಿ ಕಾರ್ಡು, ಬರೆಯುವ ಹೊತ್ತಿನಲ್ಲಿ ಕರೆಂಟು ಹೋದರೆ ಕೆಡುವ ಜಾತಿಯದು. ಪೈಕೋರ್‌ಪ್ಲೇಯರ್ ಶುರುವಿನಲ್ಲೇ ತನ್ನನ್ನು ಪೂರ್ತಿ ರ‍್ಯಾಮಿಗೆ ಎತ್ತಿಕೊಂಡು, ಆಮೇಲೆ ಕಾರ್ಡಿನ ಗೊಡವೆಗೆ ಹೋಗುವುದಿಲ್ಲ. ಧೊಪ್ಪನೆ ಕರೆಂಟು ಹೋದರೂ ಮತ್ತೆ ಬಂದಾಗ ಎದ್ದು ಕೂರುತ್ತದೆ. ರೆಡಿಮೇಡ್ ಪೆಟ್ಟಿಗೆ ಕೊಂಡವರಿಗೆ ಈ ತಾಪತ್ರಯ ಕಡಿಮೆ, ಯುಪಿಎಸ್ ಇದ್ದರೆ ಇನ್ನೂ ಒಳ್ಳೆಯದು.

ಗೋಡೆಗಳದ್ದೂ ಒಂದು ಪಾತ್ರವಿದೆ. ದೇವನಹಳ್ಳಿ ಕಡೆಯ ಕೊಯ್ರದ ಕಲ್ಲು ಹೆಸರಾದದ್ದು. ಕಲ್ಲು ಕಟ್ಟಿ, ಚಪ್ಪಡಿ ಹೊದಿಸಿದ ಹಳೇ ಮನೆಗಳಲ್ಲಿ ವೈಫೈ ಒಂದು ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. ಸಿ.ಡಿ. ಗುಣಮಟ್ಟದ ಹಾಡಿಗೆ ಬೇಕಾದದ್ದು ಸೆಕೆಂಡಿಗೆ 1,411 ಕಿಲೋಬಿಟ್; ಅದೇನು ದೊಡ್ಡ ಹೊರೆಯಲ್ಲ, ಆದರೆ ತಡವರಿಸದೆ ಬರಬೇಕು. ಸಾವಿರಾರು ರೂಪಾಯಿ ಹೆಚ್ಚು ಕೊಟ್ಟು ಮೇಲ್ದರ್ಜೆಯ ಡ್ಯಾಕ್ ಕೊಳ್ಳುವ ಬದಲು ರೂಟರಿನಿಂದ ಹಾಲಿಗೆ ಲ್ಯಾನ್ ಕೇಬಲ್ ಎಳೆಸಿ. ಇವತ್ತಿನ ಸಾಧಾರಣ ಡ್ಯಾಕುಗಳ ನಡುವಿನ ವ್ಯತ್ಯಾಸ ಕಿವಿಗೆ ಸಿಗುವುದು ಕಷ್ಟ, ಹಾಡು ನಡುವೆ ಕಡಿಯುವುದು ಮಾತ್ರ ಎಲ್ಲರಿಗೂ ಕೇಳಿಸುತ್ತದೆ. ಏಪ್ರಿಲ್-ಮೇನಲ್ಲಿ ಗುಡುಗು ಶುರುವಾದರೆ ಆ ಕೇಬಲನ್ನು ಕಿತ್ತಿಡುವುದು ಕ್ಷೇಮ.

ಇನ್ನು ಅಲ್ಮೇರಾ. ಎಂಬತ್ತರ ದಶಕದ ಭಾವಗೀತೆ, ಹರಿಕಥೆ, ನಾಟಕದ ಧ್ವನಿಸುರುಳಿಗಳಲ್ಲಿ ಎಲ್ಲವೂ ಸ್ಟ್ರೀಮಿಂಗ್ ಆ್ಯಪುಗಳಿಗೆ ಬಂದಿಲ್ಲ. ಇರುವ ಹಾಡೂ ಹಕ್ಕಿನ ಒಪ್ಪಂದ ಮುಗಿದರೆ ಮಾಯವಾಗಬಹುದು. ಕೆಲಸ ಮಾಡುವ ಡೆಕ್ಕಿನ ಲೈನ್ ಔಟಿನಿಂದ ಕಂಪ್ಯೂಟರಿಗೆ ತಂತಿ ಕೊಟ್ಟು ತುಂಬಿಸಿಕೊಳ್ಳುವುದೇ ದಾರಿ, ಅದರಲ್ಲಿ ಅವಸರ ನಡೆಯುವುದಿಲ್ಲ. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆ ಕೂರಲೇಬೇಕು. ಫ್ಲ್ಯಾಕ್ ರೂಪದಲ್ಲಿ ಇಟ್ಟರೆ ಏನೂ ಕಳೆಯದೆ ಜಾಗ ಸುಮಾರು ಅರ್ಧ ಉಳಿಯುತ್ತದೆ. ಒಂದು ಟೆರಾಬೈಟ್ ಡಿಸ್ಕಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸಿ.ಡಿ. ಹಿಡಿಸುತ್ತದೆ, ಎರಡು ತಲೆಮಾರಿನ ಹಾಡಿಗೆ ಸಾಕು.

ಬೇಸರದ ಕೆಲಸವೆಂದರೆ ಹೆಸರು ತುಂಬುವುದು. ಇಂಗ್ಲಿಷಿನಲ್ಲಿ ಬರೆದರೆ ಅನಂತಸ್ವಾಮಿಯವರ ಹೆಸರಿನಲ್ಲಿ ಒಂದು ಕಡೆ 'ಎಚ್' ಬೀಳುತ್ತದೆ, ಇನ್ನೊಂದು ಕಡೆ ಬೀಳುವುದಿಲ್ಲ. ಪ್ಲೇಯರ್ ಅವರನ್ನು ಇಬ್ಬರು ಗಾಯಕರೆಂದು ಬಗೆದು ಹಾಡುಗಳನ್ನು ಪಾಲು ಮಾಡಿಬಿಡುತ್ತದೆ. ಕನ್ನಡದಲ್ಲೇ ಬರೆದರೆ ಆ ರಗಳೆಯಿಲ್ಲ. ಆದರೆ ಕೆಲವು ಪ್ಲೇಯರುಗಳ ಪರದೆ ಕನ್ನಡ ಅಕ್ಷರ ಕಂಡರೆ ಸಾಲಾಗಿ ಚೌಕ ಡಬ್ಬಿಗಳನ್ನು ತೋರಿಸುತ್ತದೆ, ಅವುಗಳ ಆ್ಯಪಿನಲ್ಲಿ ಕನ್ನಡದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಅಂಗಡಿಗೆ ಹೋಗುವಾಗ ಕನ್ನಡದಲ್ಲಿ ಹೆಸರು ಬರೆದ ನಾಲ್ಕು ಹಾಡುಗಳನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ, ಚುಚ್ಚಿ ನೋಡಿ, ಹುಡುಕಿಯೂ ನೋಡಿ. ಸ್ಪೀಕರಿನ ಗುಣಗಾನ ಆಮೇಲೆ ಕೇಳಿದರಾಯಿತು.