ಹಳೆಯ ಕಾಮಿಕ್ಸ್: ಅಂಗಡಿಯಲ್ಲಿ ದುಬಾರಿ, ಆನ್‌ಲೈನಿನಲ್ಲಿ ಅಗ್ಗ ಅನ್ನುವುದು ನಿಜವೇ?

ಹಳೆಯ ಕಾಮಿಕ್ಸ್ ಕೂಡಿಡುವ ಹವ್ಯಾಸ ಇರುವವರ ಬಾಯಲ್ಲಿ ಎರಡು ಮಾತು ಪದೇ ಪದೇ ಕೇಳಿಬರುತ್ತವೆ. ಒಂದು, ಪುಸ್ತಕ ಹಳೆಯದಾದಷ್ಟೂ ಬೆಲೆ ಹೆಚ್ಚು. ಇನ್ನೊಂದು, ಅದೇ ಪುಸ್ತಕ ಆನ್‌ಲೈನಿನಲ್ಲಿ ಕಡಿಮೆಗೆ ಸಿಗುವಾಗ ಅಂಗಡಿಗೆ ಹೋಗಿ ಹೆಚ್ಚು ಹಣ ಕೊಡುವುದು ದಡ್ಡತನ. ಮೊದಲನೆಯದು ಬಹುಪಾಲು ಸುಳ್ಳು. ಎರಡನೆಯದರಲ್ಲಿ ತೊಡಕಿರುವುದು 'ಅದೇ ಪುಸ್ತಕ' ಎಂಬ ಪದಗಳಲ್ಲಿ. ಹೊಸ ಪುಸ್ತಕ ಅಥವಾ ಹೊಸ ಮೊಬೈಲ್ ಆದರೆ ಎಲ್ಲಿ ಕೊಂಡರೂ ಅದೇ. ಆದರೆ ಐವತ್ತು ವರ್ಷ ಹಳೆಯ ಕಾಮಿಕ್ಸ್‌ನ ಒಂದೇ ಸಂಚಿಕೆಯ ಎರಡು ಪ್ರತಿಗಳು ಬೆಲೆಯ ಲೆಕ್ಕದಲ್ಲಿ ಎರಡು ಬೇರೆ ಬೇರೆ ವಸ್ತುಗಳೇ ಸರಿ.

ಈ ವ್ಯಾಪಾರ ಬೇರುಬಿಟ್ಟು ಬೆಳೆದದ್ದು ಅಮೆರಿಕದಲ್ಲಿ. ಕಾಮಿಕ್ಸ್‌ಗೆಂದೇ ಇರುವ ಅಂಗಡಿಗಳು, ದರಪಟ್ಟಿಗಳು, ಅಂಕ ಕೊಡುವ ಸಂಸ್ಥೆಗಳು ಎಲ್ಲವೂ ಅಲ್ಲಿಯವು. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ. ನಮ್ಮ ಅಮರ ಚಿತ್ರ ಕಥೆ, ಇಂದ್ರಜಾಲ ಕಾಮಿಕ್ಸ್‌ಗಳ ವಿಷಯಕ್ಕೆ ಆಮೇಲೆ ಬರೋಣ.

ಹಳೆಯದಾದರೆ ಸಾಕೇ?

ಸೂಪರ್‌ಮ್ಯಾನ್ ಮೊದಲ ಬಾರಿಗೆ ಕಾಣಿಸಿಕೊಂಡ ಆ್ಯಕ್ಷನ್ ಕಾಮಿಕ್ಸ್ 1ನೇ ಸಂಚಿಕೆ 1938ರದ್ದು. ಆಗ ಅದರ ಬೆಲೆ 10 ಸೆಂಟ್. 2024ರಲ್ಲಿ ಅದರ ಒಂದು ಪ್ರತಿ 60 ಲಕ್ಷ ಡಾಲರಿಗೆ ಹರಾಜಾಯಿತು. ಅಷ್ಟು ಬೆಲೆ ಬರಲು ಕಾರಣ ಅದರ ವಯಸ್ಸಲ್ಲ, ಉಳಿದಿರುವ ಪ್ರತಿಗಳು ತೀರಾ ಕಡಿಮೆ ಇರುವುದು. ಆ ಕಾಲದಲ್ಲಿ ಕಾಮಿಕ್ಸ್ ಎಂದರೆ ಮಕ್ಕಳು ಓದಿ ಎಸೆಯುವ ಕಾಗದ. ಎರಡನೆಯ ಮಹಾಯುದ್ಧದ ಸಮಯದಲ್ಲಿ ಮನೆಮನೆಯಿಂದ ರದ್ದಿ ಕಾಗದ ಸಂಗ್ರಹಿಸಿದಾಗ ಇಂಥವು ಲೆಕ್ಕವಿಲ್ಲದಷ್ಟು ಹೋದವು.

ಈಗ 1990ರ ದಶಕಕ್ಕೆ ಬನ್ನಿ. ಇಂಥ ಬೆಲೆಗಳ ಸುದ್ದಿ ಓದಿದ ಜನ ಹೊಸ ಸಂಚಿಕೆಗಳನ್ನು ಹತ್ತು ಹತ್ತು ಪ್ರತಿ ಕೊಂಡು, ಕವರ್ ಕೂಡ ಬಿಚ್ಚದೆ, ಮಗನ ಕಾಲೇಜು ಫೀಸಿಗೆ ಆಯಿತು ಎಂದು ಪೆಟ್ಟಿಗೆಗೆ ಹಾಕಿದರು. 1991ರ ಎಕ್ಸ್-ಮೆನ್ 1ನೇ ಸಂಚಿಕೆ ಎಂಬತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಹೋಯಿತು. 1992ರ ಕೊನೆಯಲ್ಲಿ ಸೂಪರ್‌ಮ್ಯಾನ್ ಸಾಯುವ ಸಂಚಿಕೆ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಂದಾಗ ಅಂಗಡಿಗಳ ಮುಂದೆ ಸಾಲು ನಿಂತಿತ್ತು. ಮೂವತ್ತು ವರ್ಷ ಕಳೆದರೂ ಇವುಗಳ ಸಾಮಾನ್ಯ ಪ್ರತಿಗಳು ಕೆಲವೇ ಡಾಲರಿಗೆ ಸಿಗುತ್ತವೆ. ಎಲ್ಲರೂ ಜೋಪಾನ ಮಾಡಿದ ವಸ್ತು ಅಪರೂಪವಾಗುವುದು ಹೇಗೆ? ಆ ಗುಳ್ಳೆ ಒಡೆದಾಗ ಸಾವಿರಾರು ಅಂಗಡಿಗಳು ಬಾಗಿಲು ಹಾಕಿದವು, 1996ರ ಕೊನೆಗೆ ಮಾರ್ವೆಲ್ ಕಂಪನಿಯೇ ದಿವಾಳಿ ಅರ್ಜಿ ಸಲ್ಲಿಸಿತು.

ಬೆಲೆ ಇರುವುದು ಸ್ಥಿತಿಯಲ್ಲಿ

ಅಪರೂಪದ ಸಂಚಿಕೆಯೇ ಆಗಿರಲಿ, ಅದರ ಬೆಲೆ ಕೊನೆಗೆ ನಿಲ್ಲುವುದು ಪ್ರತಿಯ ಸ್ಥಿತಿಯ ಮೇಲೆ. ಅಮೆರಿಕದಲ್ಲಿ ಇದನ್ನು 0.5ರಿಂದ 10ರವರೆಗಿನ ಅಂಕದಲ್ಲಿ ಅಳೆಯುತ್ತಾರೆ. ಮೇಲೆ ಹೇಳಿದ 60 ಲಕ್ಷ ಡಾಲರಿನ ಪ್ರತಿಗೆ ಇದ್ದದ್ದು 8.5 ಅಂಕ. 2014ರಲ್ಲಿ 9.0 ಅಂಕದ ಇನ್ನೊಂದು ಪ್ರತಿ ಸುಮಾರು 32 ಲಕ್ಷ ಡಾಲರಿಗೆ ಹೋಗಿತ್ತು. ಎರಡು ವರ್ಷದ ನಂತರ 5.5 ಅಂಕದ ಪ್ರತಿಗೆ ಬಂದದ್ದು 9 ಲಕ್ಷ 56 ಸಾವಿರ, ಅಂದರೆ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಅದೇ ಮುಖಪುಟ, ಅದೇ ಕಥೆ, ಪುಟಗಳ ಸಂಖ್ಯೆಯೂ ಅದೇ.

ಈ ಅಂಕಗಳನ್ನು ಕಡಿಮೆ ಮಾಡುವ ದೋಷಗಳು ನೋಡಲು ಅತಿ ಸಣ್ಣವು. ಪುಸ್ತಕವನ್ನು ಬಿಡಿಸಿದಾಗಲೆಲ್ಲ ಬೆನ್ನಿನ ಮಡಿಕೆಯಲ್ಲಿ ಕೂದಲೆಳೆಯಂಥ ಬಿಳಿ ಗೆರೆಗಳು ಬೀಳುತ್ತವೆ. ಅಲ್ಲಿ ಶಾಯಿ ಒಡೆದಿರುತ್ತದೆ. ಪಿನ್ನಿಗೆ ತುಕ್ಕು ಹಿಡಿದರೆ ಸುತ್ತಲಿನ ಕಾಗದಕ್ಕೂ ಅದರ ಕಲೆ ಹರಡುತ್ತದೆ. ಕೆಲವು ದೋಷಗಳಂತೂ ಒಳಗೆ ಅಡಗಿರುತ್ತವೆ. ವುಲ್ವರಿನ್ ಪಾತ್ರ ಮೊದಲ ಸಲ ಪೂರ್ಣವಾಗಿ ಬರುವ 1974ರ ಇನ್‌ಕ್ರೆಡಿಬಲ್ ಹಲ್ಕ್ 181ನೇ ಸಂಚಿಕೆಯ ಒಳಪುಟದಲ್ಲಿ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸಿಕೊಳ್ಳಲೆಂದು ಕೊಟ್ಟ ಒಂದು ಅಂಚೆಚೀಟಿಯಂಥ ಚಿತ್ರವಿತ್ತು. ಆಗಿನ ಮಕ್ಕಳು ವಿಧೇಯರಾಗಿ ಅದನ್ನು ಕತ್ತರಿಸಿಕೊಂಡರು. ಮುಖಪುಟ ಎಷ್ಟೇ ಹೊಳೆಯುತ್ತಿರಲಿ, ಆ ಚೀಟಿ ಇಲ್ಲದ ಪ್ರತಿಯ ಬೆಲೆ ನೆಲ ಕಚ್ಚುತ್ತದೆ. ಅಂಗಡಿಯಲ್ಲಿ ಇದನ್ನು ತಿಳಿಯಲು ಪುಟ ತಿರುಗಿಸಿದರೆ ಸಾಕು. ಆನ್‌ಲೈನಿನಲ್ಲಿ ಮಾರುವವರು ಮುಖಪುಟದ ಒಂದೇ ಚಿತ್ರ ಹಾಕಿದ್ದರೆ ತಿಳಿಯುವ ದಾರಿಯೇ ಇಲ್ಲ.

ಚಿತ್ರಗಳು ಮೋಸ ಮಾಡಲು ಮಾರುವವರು ಮೋಸಗಾರರೇ ಆಗಬೇಕಿಲ್ಲ. ಮೊಬೈಲ್ ಕ್ಯಾಮೆರಾ ಬಿಳಿಯನ್ನು ಬಿಳಿಯಾಗಿ ತೋರಿಸಲು ತಾನಾಗಿಯೇ ಬಣ್ಣ ಸರಿಪಡಿಸುತ್ತದೆ. ಹಳದಿ ತಿರುಗಿದ ಪುಟ ಅದರಲ್ಲಿ ಬೆಳ್ಳಗೆ ಕಾಣಬಹುದು. ನೇರ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಬೆನ್ನಿನ ಗೆರೆಗಳು, ಸಣ್ಣ ತಗ್ಗುಗಳು ಮಾಯವಾಗುತ್ತವೆ. ಅವು ಕಾಣಬೇಕಾದರೆ ಬೆಳಕು ಪಕ್ಕದಿಂದ ಓರೆಯಾಗಿ ಬೀಳಬೇಕು. ಅನುಭವಿ ವ್ಯಾಪಾರಿ ಪುಸ್ತಕವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅತ್ತಿತ್ತ ಓಲಾಡಿಸಿ ನೋಡುವುದು ಇದಕ್ಕೇ.

ಇನ್ನು ವಾಸನೆ. ಹಳೆಯ ಕಾಮಿಕ್ಸ್ ಮುದ್ರಣವಾದದ್ದು ಅಗ್ಗದ ನ್ಯೂಸ್‌ಪ್ರಿಂಟ್ ಮೇಲೆ. ಮರವನ್ನು ಅರೆದು ಮಾಡಿದ ಈ ಕಾಗದದಲ್ಲಿ ಲಿಗ್ನಿನ್ ಎಂಬ ವಸ್ತು ಹಾಗೆಯೇ ಉಳಿದಿರುತ್ತದೆ. ಮರಕ್ಕೆ ಗಟ್ಟಿತನ ಕೊಡುವುದೇ ಅದು. ಗಾಳಿ, ಬೆಳಕು ತಾಗಿದಂತೆ ಲಿಗ್ನಿನ್ ಉತ್ಕರ್ಷಣೆಗೊಂಡು ಕಾಗದ ಹಳದಿ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಕಾಗದದಲ್ಲಿರುವ ಆಮ್ಲ ಸೆಲ್ಯುಲೋಸಿನ ಉದ್ದ ಎಳೆಗಳನ್ನು ತುಂಡು ತುಂಡು ಮಾಡುತ್ತದೆ, ಪುಟ ಹಪ್ಪಳದಂತೆ ಮುರಿಯತೊಡಗುತ್ತದೆ. ಈ ಹಾದಿಯಲ್ಲಿ ಆವಿಯಾಗುವ ಕೆಲವು ರಾಸಾಯನಿಕಗಳೇ ಹಳೆಯ ಪುಸ್ತಕದ ವಾಸನೆ. 2009ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಈ ಆವಿಯನ್ನು ವಿಶ್ಲೇಷಿಸಿ, ಪುಟ ಹರಿಯದೆಯೇ ಕಾಗದದ ಸ್ಥಿತಿ ಅಂದಾಜು ಮಾಡಬಹುದು ಎಂದು ತೋರಿಸಿದರು. ಪುಸ್ತಕವನ್ನು ಮೂಗಿಗೆ ಹಿಡಿಯುವ ಅಂಗಡಿಯವರು ಇದನ್ನೇ ಉಪಕರಣವಿಲ್ಲದೆ ಮಾಡುತ್ತಿರುತ್ತಾರೆ. ಮುಗ್ಗಲು ವಾಸನೆ ಬಂದರೆ ಬೂಸು, ಹುಳಿ ವಾಸನೆ ಬಂದರೆ ಕಾಗದ ಸವೆಯುತ್ತಿದೆ ಎಂದು ಅರ್ಥ. ಪರದೆಯ ಮೇಲೆ ಈ ಪರೀಕ್ಷೆಗೆ ಅವಕಾಶವೇ ಇಲ್ಲ.

ಅಳತೆಪಟ್ಟಿ ಹಿಡಿದ ಪತ್ತೇದಾರಿ

ನಕಲಿಗಳ ವಿಷಯದಲ್ಲಿ ನಮಗೆ ಬಹಳ ಇಷ್ಟವಾದ ಉದಾಹರಣೆ ಒಂದಿದೆ. 1974ರಲ್ಲಿ ಡಿಸಿ ಕಂಪನಿಯೇ ಆ್ಯಕ್ಷನ್ ಕಾಮಿಕ್ಸ್ 1ನ್ನು ದೊಡ್ಡ ಆಕಾರದಲ್ಲಿ ಮರುಮುದ್ರಿಸಿತು. ಮೇಲೆ ದಪ್ಪ ಹೊರಕವಚ, ಒಳಗೆ ಮೂಲ ಮುಖಪುಟ, ಜಾಹೀರಾತು ಸಮೇತ ಎಲ್ಲವೂ ಇದ್ದ ಹಾಗೆಯೇ. ಹೊರಕವಚ ಕಿತ್ತರೆ ಉಳಿಯುವುದು 1938 ಎಂದು ಮುದ್ರಿತವಾದ ಪುಸ್ತಕ! ಇದನ್ನು ಮೂಲ ಪ್ರತಿ ಎಂದು ಮಾರಲು ಹೊರಟವರು ಎಷ್ಟೋ ಮಂದಿ, ಅಟ್ಟದಲ್ಲಿ ಇದು ಸಿಕ್ಕಿ ಕೋಟ್ಯಧಿಪತಿಯಾದೆ ಎಂದು ನಿಜವಾಗಿಯೇ ನಂಬಿದವರೂ ಇದ್ದಾರೆ. ಚಿತ್ರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಕೈಯಲ್ಲಿ ಹಿಡಿದರೆ ಮಾತ್ರ ಮರುಮುದ್ರಣ ಎಷ್ಟು ದೊಡ್ಡದು ಎಂದು ತಕ್ಷಣ ತಿಳಿಯುತ್ತದೆ. ಶಾಲೆಯ ಸ್ಕೇಲು ಸಾಕು.

ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚ್ ಕೂಡ ಉಪಯೋಗಕ್ಕೆ ಬರುತ್ತದೆ. ಕಾಗದವನ್ನು ಬೆಳ್ಳಗೆ ಕಾಣಿಸುವ ಹೊಳಪುಕಾರಕಗಳು ಬಳಕೆಗೆ ಬಂದದ್ದು ಸುಮಾರು 1950ರ ಆಚೆಗೆ. 1938ರದ್ದು ಎನ್ನುವ ಪುಟ ಆ ಬೆಳಕಿನಲ್ಲಿ ನೀಲಿಬಿಳಿಯಾಗಿ ಹೊಳೆದರೆ ಅಲ್ಲೇನೋ ಸರಿಯಿಲ್ಲ.

ಒಳ್ಳೆಯ ಪ್ರತಿ ಮಾರುಕಟ್ಟೆಗೆ ಏಕೆ ಬರುವುದಿಲ್ಲ?

1970ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಹಳೆಯ ಕಾರುಗಳ ಮಾರಾಟದ ಬಗ್ಗೆ ಒಂದು ಲೇಖನ ಬರೆದರು. ಕಾರಿನ ನಿಜ ಸ್ಥಿತಿ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲದಕ್ಕೂ ಸರಾಸರಿ ಬೆಲೆಯನ್ನಷ್ಟೇ ಕೊಡಲು ಒಪ್ಪುತ್ತಾನೆ. ಸರಾಸರಿಗಿಂತ ಚೆನ್ನಾಗಿರುವ ಕಾರಿನ ಒಡೆಯನಿಗೆ ಅದು ನಷ್ಟ, ಅವನು ಮಾರಾಟದಿಂದಲೇ ದೂರ ಉಳಿಯುತ್ತಾನೆ. ಉಳಿಯುವುದು ಕೆಟ್ಟ ಕಾರುಗಳು. ಈ ಕೆಲಸಕ್ಕೂ ಸೇರಿ 2001ರಲ್ಲಿ ಅವರಿಗೆ ನೊಬೆಲ್ ಬಂತು. ಹಳೆಯ ಕಾಮಿಕ್ಸ್‌ಗೆ ಈ ತರ್ಕ ಅಳತೆ ಕೊಟ್ಟು ಹೊಲಿಸಿದಂತೆ ಹೊಂದುತ್ತದೆ. ಆನ್‌ಲೈನಿನಲ್ಲಿ 'ಚೆನ್ನಾಗಿದೆ' ಎಂಬ ವಿವರಣೆಯೊಂದಿಗೆ ಅಗ್ಗಕ್ಕೆ ಸಿಗುವ ಪ್ರತಿ ಅಗ್ಗವಾಗಿರುವುದಕ್ಕೆ ಹಲವು ಸಲ ಒಂದು ಕಾರಣ ಇದ್ದೇ ಇರುತ್ತದೆ.

ಈ ಗಂಟನ್ನು ಬಿಡಿಸಲು ಎರಡು ದಾರಿಗಳಿವೆ. ಒಂದು, ಅಂಗಡಿ. ಪುಸ್ತಕ ನಿಮ್ಮ ಕೈಯಲ್ಲಿದೆ, ಮಾರುವವರು ನಾಳೆಯೂ ಅದೇ ಜಾಗದಲ್ಲಿ ಸಿಗುತ್ತಾರೆ. ಇನ್ನೊಂದು, ಮೂರನೆಯವರ ತೀರ್ಪು. 2000ದಲ್ಲಿ ಶುರುವಾದ ಸಿಜಿಸಿ ಎಂಬ ಸಂಸ್ಥೆ ಕಾಮಿಕ್ಸ್ ಪರೀಕ್ಷಿಸಿ, ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುತ್ತದೆ. ಮೇಲೆ ಹೇಳಿದ 32 ಲಕ್ಷ ಡಾಲರಿನ ಪ್ರತಿ ಮಾರಾಟವಾದದ್ದು ಇಬೇಯಲ್ಲಿ, ಮಾರಿದವರು ಕಾಮಿಕ್ಸ್ ಅಂಗಡಿಯವರೇ! ಅಂಥ ಮೊತ್ತವನ್ನು ಕಾಣದ ಪುಸ್ತಕಕ್ಕೆ ಕೊಡಲು ಧೈರ್ಯ ಬಂದದ್ದು ಆ ಪೆಟ್ಟಿಗೆಯಿಂದ. ಆದರೆ ಒಮ್ಮೆ ಮುಚ್ಚಿದ ಮೇಲೆ ಪುಟ ತಿರುಗಿಸುವಂತಿಲ್ಲ. 2023ರ ಕೊನೆಯಲ್ಲಿ, ಕೆಲವು ಪೆಟ್ಟಿಗೆಗಳಲ್ಲಿ ಹೆಚ್ಚು ಅಂಕದ ಚೀಟಿಯ ಕೆಳಗೆ ಕಡಿಮೆ ದರ್ಜೆಯ ಪ್ರತಿ ಸೇರಿಸಿರುವುದು ಹೊರಬಿದ್ದಾಗ ಸಂಗ್ರಾಹಕರು ಬೆಚ್ಚಿಬಿದ್ದದ್ದು ಅದಕ್ಕೇ.

ಅಂಗಡಿಯವರು ನಮ್ಮ ಪುಸ್ತಕಕ್ಕೆ ಅರ್ಧ ಬೆಲೆಯನ್ನೂ ಕೊಡುವುದಿಲ್ಲ, ಲೂಟಿ ಹೊಡೆಯುತ್ತಾರೆ ಎಂಬ ದೂರೂ ಇದೆ. ಅವರ ಲೆಕ್ಕ ನೋಡಿ. 1970ರ ದಶಕದಿಂದ ಅಮೆರಿಕದ ಕಾಮಿಕ್ಸ್ ಅಂಗಡಿಗಳು ಹೊಸ ಸಂಚಿಕೆಗಳನ್ನು ರಿಯಾಯಿತಿಗೆ ಪಡೆಯುತ್ತವೆ, ಆದರೆ ಉಳಿದದ್ದನ್ನು ಹಿಂದಿರುಗಿಸುವಂತಿಲ್ಲ. ಮಾರಾಟವಾಗದ್ದೆಲ್ಲ ಅವರ ತಲೆಯ ಮೇಲೆ. ನೀವು ಕೊಟ್ಟ ಪೆಟ್ಟಿಗೆಯಲ್ಲಿ ಬೇಗ ಹೋಗುವ ಸಂಚಿಕೆ ಒಂದೆರಡು ಇರಬಹುದು, ಉಳಿದವು ವರ್ಷಗಟ್ಟಲೆ ಬಾಡಿಗೆ ಜಾಗ ತಿನ್ನುತ್ತವೆ. ದಶಕಗಳ ಕಾಲ ಬಹುತೇಕ ಒಬ್ಬನೇ ಸಗಟು ವಿತರಕನಂತಿದ್ದ ಡೈಮಂಡ್ ಕಂಪನಿ 2020ರ ಕೋವಿಡ್ ಕಾಲದಲ್ಲಿ ಸಾಗಣೆಯನ್ನೇ ನಿಲ್ಲಿಸಿತ್ತು, 2025ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಅಂಗಡಿ ನಡೆಸುವುದು ಸುಲಭದ ಕೆಲಸವಲ್ಲ. ಅಂಗಡಿಗಳು ಒಂದೊಂದಾಗಿ ಮುಚ್ಚಿದರೆ ಪುಸ್ತಕ ಆನ್‌ಲೈನಿನಲ್ಲಿ ಸಿಗುತ್ತಲೇ ಇರುತ್ತದೆ. ಆದರೆ ಓಲಾಡಿಸಿ ನೋಡುವ ಆ ಕಣ್ಣನ್ನು ಮುಂದಿನವರು ಎಲ್ಲಿ ಪಳಗಿಸಿಕೊಳ್ಳುತ್ತಾರೆ ಎಂಬುದು ನಮ್ಮ ಚಿಂತೆ.

ನಮ್ಮ ಅಟ್ಟದ ಪುಸ್ತಕಗಳು

ಕಾರ್ಕಳದ ಅನಂತ ಪೈ ಅವರ ಹೆಸರಿನೊಂದಿಗೆ ಬೆಸೆದಿರುವ ಅಮರ ಚಿತ್ರ ಕಥೆಯ ಆರಂಭ ಕನ್ನಡದಲ್ಲಿ ಆಯಿತು ಎಂಬುದು ಅನೇಕರಿಗೆ ತಿಳಿದಿಲ್ಲ. 1965ರ ಸುಮಾರಿಗೆ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಒತ್ತಾಸೆಯಿಂದ ಪಾಶ್ಚಾತ್ಯ ಮಕ್ಕಳ ಕಥೆಗಳ ಹತ್ತು ಸಂಚಿಕೆಗಳು ಮೊದಲು ಕನ್ನಡದಲ್ಲಿ ಬಂದವು. ಆಮೇಲೆ ಬಂದ 'ಕೃಷ್ಣ' ಸಂಚಿಕೆಗೆ 11 ಎಂಬ ಸಂಖ್ಯೆ ಇರುವುದು ಅದಕ್ಕೇ. 1964ರಿಂದ 1990ರವರೆಗೆ ನಡೆದ ಇಂದ್ರಜಾಲ ಕಾಮಿಕ್ಸ್ ಕೂಡ ಕನ್ನಡದಲ್ಲಿ ಬಂದಿತ್ತು.

ನಮ್ಮಲ್ಲಿ ಇವಕ್ಕೆ ಅಂಕ ಕೊಡುವ ವ್ಯವಸ್ಥೆ ಬೆಳೆದಿಲ್ಲ. ಸಿಗುವುದು ಅವೆನ್ಯೂ ರಸ್ತೆ, ಚರ್ಚ್ ಸ್ಟ್ರೀಟಿನಂಥ ಕಡೆಯ ಹಳೆಪುಸ್ತಕದಂಗಡಿಗಳಲ್ಲಿ, ಇಲ್ಲವೇ ಆನ್‌ಲೈನಿನಲ್ಲಿ. ಅಮರ ಚಿತ್ರ ಕಥೆಯಲ್ಲಿ ದೊಡ್ಡ ತೊಡಕು ಮರುಮುದ್ರಣ. ಜನಪ್ರಿಯ ಸಂಚಿಕೆಗಳು ಅದೇ ಮುಖಪುಟದಲ್ಲಿ ಮತ್ತೆ ಮತ್ತೆ ಬಂದಿವೆ. ಮುಖಪುಟದ ಚಿತ್ರ ನೋಡಿ ಕಾಲ ಹೇಳಲಾಗದು, ಮುದ್ರಿತ ಬೆಲೆ, ಪ್ರಕಾಶಕರ ವಿವರ, ಹಿಂಬದಿಯ ಜಾಹೀರಾತು ನೋಡಬೇಕು.

ಇಂಥ ಪುಸ್ತಕಕ್ಕೆ ಆನ್‌ಲೈನಿನಲ್ಲಿ ಐದಂಕಿಯ ಬೆಲೆ ಬರೆದಿರುವುದನ್ನು ಕಂಡು ನಮ್ಮ ಮನೆಯದ್ದಕ್ಕೂ ಅಷ್ಟು ಬರುತ್ತದೆ ಎಂದುಕೊಳ್ಳಬೇಡಿ. ಅದು ಮಾರುವವರು ಕೇಳಿದ ಬೆಲೆ, ಯಾರೂ ಕೊಟ್ಟ ಬೆಲೆಯಲ್ಲ. ಇಬೇಯಂಥ ತಾಣದಲ್ಲಿ ಮಾರಾಟವಾದ ಸಂಚಿಕೆಗಳನ್ನು ಮಾತ್ರ ತೋರಿಸು ಎಂಬ ಆಯ್ಕೆ ಇದೆ, ನೋಡಬೇಕಾದದ್ದು ಅದನ್ನು. ಈ ಒಂದು ವಿಷಯದಲ್ಲಿ ಯಾವ ಅಂಗಡಿಗಿಂತಲೂ ಆನ್‌ಲೈನೇ ಮೇಲು. ಮಾರಿಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎನ್ನುವವರನ್ನಂತೂ ದೂರ ಇಡಿ. ಹಳೆಯ ನಾಣ್ಯ, ನೋಟುಗಳ ಹೆಸರಿನಲ್ಲಿ ಇದೇ ಆಟ ನಡೆದು, 2021ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ಎಚ್ಚರಿಕೆ ಕೊಡಬೇಕಾಯಿತು.

ಇರುವ ಪುಸ್ತಕಗಳನ್ನು ಲ್ಯಾಮಿನೇಟ್ ಮಾಡಿಸಬೇಡಿ, ಸೆಲ್ಲೋಟೇಪ್ ಹಚ್ಚಬೇಡಿ. ಪಿವಿಸಿ ಕವರ್ ಕಾಲ ಕಳೆದಂತೆ ತಾನೇ ಆಮ್ಲ ಬಿಡುತ್ತದೆ, ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರ್ ವಾಸಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಅಟ್ಟದಿಂದ ಇಳಿಸಿ ಒಣ ಕೋಣೆಯಲ್ಲಿಡುವುದು ಒಳ್ಳೆಯದು.

ಓದಲಿಕ್ಕಷ್ಟೇ ಬೇಕಿದ್ದರೆ ಆನ್‌ಲೈನಿನಲ್ಲಿ ಕಡಿಮೆಗೆ ಸಿಕ್ಕಿದ್ದನ್ನು ಧಾರಾಳವಾಗಿ ಕೊಳ್ಳಿ. ಬೆನ್ನಿನ ಗೆರೆ ಕಥೆಯನ್ನೇನೂ ಕೆಡಿಸದು. ಸ್ಥಿತಿಗಾಗಿ ಹಣ ಕೊಡುವುದಾದರೆ, ಕೊಡುವ ಮೊದಲು ಮಾರುವವರಿಂದ ಹಿಂಬದಿಯ ಹೊದಿಕೆ, ಪಿನ್ನು ಕಾಣುವ ನಡುಪುಟ, ಓರೆ ಬೆಳಕಿನಲ್ಲಿ ಬೆನ್ನು, ಪಕ್ಕದಲ್ಲಿ ಸ್ಕೇಲಿಟ್ಟ ಮುಖಪುಟ, ಈ ನಾಲ್ಕು ಚಿತ್ರ ಕೇಳಿ. ಪುಸ್ತಕ ಕೈಯಲ್ಲಿದ್ದವರಿಗೆ ಇದು ಐದು ನಿಮಿಷದ ಕೆಲಸ.