ವಿದ್ಯೆಗಾಗಿ ವಿದೇಶ: ಹೊರಡುವ ಮುನ್ನ ಮರಳುವ ಯೋಚನೆಯೂ ಇರಲಿ

ನಿಮ್ಮ ಮನೆಯಲ್ಲಿ ದ್ವಿತೀಯ ಪಿಯುಸಿ ಓದುವ ಮಗನೋ ಮಗಳೋ ಇದ್ದರೆ ಫಲಿತಾಂಶದ ದಿನಗಳಲ್ಲಿ ಬರುವ ಫೋನ್ ಕರೆಗಳ ಪರಿಚಯ ನಿಮಗೆ ಇದ್ದೇ ಇರುತ್ತದೆ. 'ನೀಟ್‌ನಲ್ಲಿ ಅಂಕ ಕಡಿಮೆಯೇ? ಚಿಂತೆ ಬೇಡ. ಚೀನಾ ಇದೆ, ಕಿರ್ಗಿಸ್ತಾನ್ ಇದೆ, ಜಾರ್ಜಿಯಾ ಇದೆ' ಎನ್ನುತ್ತಾರೆ ಆ ಕಡೆಯವರು. ತಂದೆ ಸೈಟಿನ ಬೆಲೆ ಲೆಕ್ಕ ಹಾಕುತ್ತಾನೆ. ತಾಯಿ ಒಡವೆಯ ಡಬ್ಬಿಯತ್ತ ನೋಡುತ್ತಾಳೆ. ಅಷ್ಟರಲ್ಲಿ ಯಾರಾದರೂ ಹಿರಿಯರು, ವಿದ್ಯೆಗಾಗಿ ಚೀನಾದಷ್ಟು ದೂರವಾದರೂ ಹೋಗಬೇಕೆಂದು ನಮ್ಮ ದೀನ್ ಹೇಳಿದೆಯಲ್ಲ ಎಂದು ಧೈರ್ಯ ತುಂಬುತ್ತಾರೆ. ಅಲ್ಲಿಗೆ ನಿರ್ಧಾರ ಮುಗಿಯುತ್ತದೆ.

ಓದುಗರೇ, ಅಷ್ಟು ಬೇಗ ಮುಗಿಯಬೇಕಾದ ನಿರ್ಧಾರವೇ ಅದು?

ಚೀನಾದ ಮಾತು ಎಷ್ಟು ನಿಜ?

ಮೊದಲು ಆ ಮಾತನ್ನೇ ನೋಡೋಣ. ಅದು ನಮ್ಮ ಶಾಲೆಗಳ ಗೋಡೆಯ ಮೇಲಿದೆ, ಭಾಷಣಗಳಲ್ಲಿದೆ. ಆದರೆ ಹದೀಸ್ ವಿದ್ವಾಂಸರು ಅದನ್ನು ಪ್ರವಾದಿವರ್ಯರ(ಸ) ಮಾತೆಂದು ಒಪ್ಪಿಲ್ಲ. ಇಮಾಮ್ ಬೈಹಕಿ ಅದರ ವರದಿ ಸರಣಿ ದುರ್ಬಲವೆಂದರು. ಇಬ್ನುಲ್ ಜೌಝಿ ಅದನ್ನು ಕಟ್ಟುಕಥೆಗಳ ಸಾಲಿಗೆ ಸೇರಿಸಿದರು. ಪ್ರವಾದಿವರ್ಯರ(ಸ) ಹೆಸರಿನಲ್ಲಿ ಏನನ್ನಾದರೂ ಹೇಳುವಾಗ ಎಚ್ಚರ ಬೇಕು. ವಿದ್ಯಾರ್ಜನೆ ಕಡ್ಡಾಯವೆಂಬುದಕ್ಕೆ ಇಬ್ನು ಮಾಜಾದಲ್ಲಿ ಬಂದಿರುವ, ಎಲ್ಲರಿಗೂ ಗೊತ್ತಿರುವ ಹದೀಸ್ ಇರುವಾಗ ಈ ಮಾತಿನ ಆಸರೆ ನಮಗೆ ಬೇಕಾಗಿಯೂ ಇಲ್ಲ.

ದೂರ ಹೋಗಿ ಕಲಿಯುವ ವಿಷಯದಲ್ಲಿ ನಮಗೆ ದಾರಿ ತೋರುವುದು ಸೂರಃ ಅತ್ತೌಬಾದ 122ನೇ ಸೂಕ್ತ. ಎಲ್ಲರೂ ಒಟ್ಟಿಗೆ ಹೊರಡಬೇಕಾಗಿಲ್ಲ, ಪ್ರತಿ ಗುಂಪಿನಿಂದ ಕೆಲವರು ಹೊರಟು ತಿಳಿವಳಿಕೆ ಗಳಿಸಲಿ, ತಮ್ಮವರ ಬಳಿಗೆ ಮರಳಿದಾಗ ಅವರನ್ನು ಎಚ್ಚರಿಸಲಿ ಎಂಬುದು ಅದರ ಆಶಯ. ಅದು ಧರ್ಮದ ತಿಳಿವಳಿಕೆಯ ಬಗ್ಗೆ ಬಂದ ಮಾತು, ನಿಜ. ಆದರೆ ಅದು ಕಲಿಸುವ ಕ್ರಮ ಎಲ್ಲ ವಿದ್ಯೆಗೂ ಸಲ್ಲುತ್ತದೆ: ಹೊರಡುವುದು, ಕಲಿಯುವುದು, ಮರಳುವುದು, ತನ್ನ ಜನಕ್ಕೆ ಉಪಯೋಗವಾಗುವುದು. ನಾವು ಮೊದಲನೆಯದಕ್ಕೆ ಮಾತ್ರ ಹಣ ಹೊಂದಿಸುತ್ತೇವೆ. ಉಳಿದ ಮೂರರ ಬಗ್ಗೆ ಮನೆಯಲ್ಲಿ ಮಾತೇ ಆಡುವುದಿಲ್ಲ.

ಚೀನಾದ ಹೆಸರು ಬಂತಲ್ಲ, ಚೀನೀಯರು ತಮ್ಮ ಮಕ್ಕಳನ್ನು ಹೇಗೆ ಹೊರಗೆ ಕಳುಹಿಸಿದರು ಎಂಬುದನ್ನು ಸ್ವಲ್ಪ ನೋಡೋಣ.

ಸೀಟು ಹೆಚ್ಚಿತು, ಹೊರಡುವವರೂ ಹೆಚ್ಚಿದರು

ಯುಂಗ್ ವಿಂಗ್ ಎಂಬ ಚೀನೀ ಯುವಕ 1854ರಲ್ಲಿ ಅಮೆರಿಕದ ಯೇಲ್‌ನಲ್ಲಿ ಪದವಿ ಪಡೆದರು. ಊರಿಗೆ ಮರಳಿ ಬಹಳ ವರ್ಷ ಪಟ್ಟು ಹಿಡಿದು ಸರಕಾರದ ಮನವೊಲಿಸಿದರು. 1872ರಿಂದ ಒಟ್ಟು 120 ಬಾಲಕರು ಅಮೆರಿಕಕ್ಕೆ ಹೋದರು. ಮಕ್ಕಳು ತಮ್ಮತನ ಕಳೆದುಕೊಳ್ಳುತ್ತಿದ್ದಾರೆಂಬ ಭಯದಿಂದ ಸರಕಾರ 1881ರಲ್ಲಿ ಅವರನ್ನು ಹಿಂದಕ್ಕೆ ಕರೆಸಿಕೊಂಡಿತು. ಆದರೂ ಆ ಬಾಲಕರಲ್ಲಿ ಒಬ್ಬರಾದ ಝಾನ್ ಟಿಯಾನ್ಯೂ ಮುಂದೆ ಬೀಜಿಂಗ್‌ನಿಂದ ಝಾಂಗ್‌ಜಿಯಾಕೌವರೆಗೆ ಬೆಟ್ಟಗಳ ನಡುವೆ ರೈಲು ಹಳಿ ಹಾಕಿಸಿದರು. 1909ರಲ್ಲಿ ಮುಗಿದ ಆ ಮಾರ್ಗ ಚೀನೀ ಇಂಜಿನಿಯರುಗಳೇ ಯೋಜಿಸಿ ಕಟ್ಟಿದ ಮೊದಲ ದೊಡ್ಡ ರೈಲು ಮಾರ್ಗ. ಮರಳಿದ ಒಬ್ಬ ವಿದ್ಯಾರ್ಥಿಯ ಬೆಲೆ ಅಷ್ಟು.

1978ರಲ್ಲಿ ಡೆಂಗ್ ಷಿಯಾವೊಪಿಂಗ್ ಮತ್ತೆ ಬಾಗಿಲು ತೆರೆದರು. ಆ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕಕ್ಕೆ ಹೊರಟ ಮೊದಲ ತಂಡದಲ್ಲಿದ್ದವರು 52 ಜನ. ಆಗ ಅವರ ದೇಶದಲ್ಲೇ ಕಾಲೇಜು ಮೆಟ್ಟಿಲು ಹತ್ತುವುದು ಕೆಲವರ ಭಾಗ್ಯವಾಗಿತ್ತು. 1998ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸೇರಿದವರು ಸುಮಾರು 10.8 ಲಕ್ಷ. 1999ರಲ್ಲಿ ಸರಕಾರ ಒಂದೇ ಏಟಿಗೆ ಸೀಟು ಹೆಚ್ಚಿಸಿತು. ಆ ವರ್ಷ ಸುಮಾರು 16 ಲಕ್ಷ ಜನ ಸೇರಿದರು. 2021ರ ಹೊತ್ತಿಗೆ ವರ್ಷಕ್ಕೆ ಒಂದು ಕೋಟಿ ಮಕ್ಕಳು ಸೇರತೊಡಗಿದರು. ಉನ್ನತ ಶಿಕ್ಷಣದ ದಾಖಲಾತಿ ಪ್ರಮಾಣ 1998ರಲ್ಲಿ ನೂರಕ್ಕೆ ಹತ್ತೂ ಇರಲಿಲ್ಲ, 2023ರಲ್ಲಿ ಅರವತ್ತು ದಾಟಿತು.

ಮನೆಯ ಹತ್ತಿರವೇ ಇಷ್ಟು ಸೀಟು ಸಿಕ್ಕ ಮೇಲೆ ಪರದೇಶಕ್ಕೆ ಹೋಗುವವರು ಕಡಿಮೆಯಾಗಬೇಕಿತ್ತು ಎಂದು ನಿಮಗೆ ಅನಿಸಬಹುದು. ಆದದ್ದು ಬೇರೆ. 2000ದಲ್ಲಿ ಸುಮಾರು 39 ಸಾವಿರ ಚೀನೀ ವಿದ್ಯಾರ್ಥಿಗಳು ಹೊರದೇಶಕ್ಕೆ ಹೋಗಿದ್ದರು. 2019ರಲ್ಲಿ ಹೋದವರು ಏಳು ಲಕ್ಷಕ್ಕೂ ಹೆಚ್ಚು.

ಇದಕ್ಕೆ ಕಾರಣ ಸರಳ. ಕಾಲೇಜುಗಳು ಸಾವಿರಾರಾದರೂ ಎಲ್ಲರೂ ಬಯಸುವ ವಿಶ್ವವಿದ್ಯಾಲಯಗಳು ಕೆಲವೇ. ಸರಕಾರ ವಿಶೇಷವಾಗಿ ಬೆಳೆಸಲು ಆರಿಸಿಕೊಂಡ ಪಟ್ಟಿಯಲ್ಲಿ ಇದ್ದದ್ದು 39. ಅವುಗಳ ಬಾಗಿಲು ತೆರೆಯುವುದು 'ಗಾವೊಕಾವೊ' ಎಂಬ ಪ್ರವೇಶ ಪರೀಕ್ಷೆ. 2024ರಲ್ಲಿ ಅದಕ್ಕೆ ಹೆಸರು ನೋಂದಾಯಿಸಿದವರು 1 ಕೋಟಿ 34 ಲಕ್ಷ! ಎಲ್ಲರ ಕೈಯಲ್ಲೂ ಪದವಿ ಇರುವಾಗ ಬರೀ ಪದವಿಗೆ ಬೆಲೆ ಕಡಿಮೆ. ಆದ್ದರಿಂದ ಅನುಕೂಲಸ್ಥರು ಬೇರೆಯಾಗಿ ಕಾಣುವ ಪದವಿ ಹುಡುಕಿ ಹೊರಟರು. ಪರೀಕ್ಷೆಯ ಒತ್ತಡದಿಂದ ತಪ್ಪಿಸಿಕೊಳ್ಳಲು ಹೊರಟವರೂ ಇದ್ದರು.

ಕಡಲಾಮೆಗಳು

ಈ ಓಟದ ನಡುವೆಯೂ ಚೀನೀಯರು ಒಂದು ಕೆಲಸ ಮಾಡಿದರು. ಮರಳಿ ಬರುವ ದಾರಿಯನ್ನು ತೆರೆದಿಟ್ಟರು. ಮರಳಿದವರಿಗೆ ಪ್ರಯೋಗಾಲಯ, ಹುದ್ದೆ, ಉದ್ಯಮಕ್ಕೆ ನೆರವು, ದೊಡ್ಡ ನಗರಗಳಲ್ಲಿ ನೆಲೆಸಲು ರಿಯಾಯಿತಿ ಕೊಟ್ಟರು. ಜನ ಅವರಿಗೆ 'ಹೈಗುಯಿ' ಎಂದು ಹೆಸರಿಟ್ಟರು. ಸಮುದ್ರದಾಚೆಯಿಂದ ಮರಳಿದವರು ಎಂಬ ಅರ್ಥದ ಆ ಪದಕ್ಕೆ ಅವರ ಭಾಷೆಯಲ್ಲಿ ಕಡಲಾಮೆ ಎಂಬಂತೆಯೂ ಕೇಳಿಸುವ ಉಚ್ಚಾರವಿದೆ. ಕಡಲಾಮೆ ಎಷ್ಟು ದೂರ ಈಜಿದರೂ ಮೊಟ್ಟೆಯಿಡಲು ಹುಟ್ಟಿದ ದಡಕ್ಕೇ ಬರುತ್ತದಲ್ಲವೇ? ಚೀನಾದ ಶಿಕ್ಷಣ ಸಚಿವಾಲಯದ ಲೆಕ್ಕದಂತೆ 1978ರಿಂದ 2019ರವರೆಗೆ ಹೊರಗೆ ಓದು ಮುಗಿಸಿದ ಸುಮಾರು 49 ಲಕ್ಷ ಜನರಲ್ಲಿ 42 ಲಕ್ಷಕ್ಕೂ ಹೆಚ್ಚು ಮಂದಿ ಮರಳಿದ್ದಾರೆ.

ಎಲ್ಲವೂ ಸುಖಾಂತವಲ್ಲ. ಮರಳಿ ಬಂದು ಕೆಲಸಕ್ಕಾಗಿ ಕಾದು ಕುಳಿತವರನ್ನು 'ಹೈದಾಯ್', ಅಂದರೆ ಕಡಲ ಜೊಂಡು ಎಂದು ಜನ ಗೇಲಿ ಮಾಡಿದರು. 2023ರ ಜೂನ್‌ನಲ್ಲಿ ಚೀನಾದ ನಗರಗಳ ಯುವಕರಲ್ಲಿ ನಿರುದ್ಯೋಗ ನೂರಕ್ಕೆ 21 ದಾಟಿತ್ತು. ಕೋವಿಡ್, ವೀಸಾದ ತೊಡಕು, ಖರ್ಚು ಎಲ್ಲ ಸೇರಿ ಅಲ್ಲಿನ ಕುಟುಂಬಗಳು ಈಗ ಕೈ ಬಿಗಿ ಹಿಡಿದಿವೆ. ಅಮೆರಿಕದಲ್ಲಿ 2019-20ರಲ್ಲಿ 3 ಲಕ್ಷ 72 ಸಾವಿರದಷ್ಟಿದ್ದ ಚೀನೀ ವಿದ್ಯಾರ್ಥಿಗಳು 2023-24ರಲ್ಲಿ 2 ಲಕ್ಷ 77 ಸಾವಿರಕ್ಕೆ ಇಳಿದರು. ಅದೇ ವರ್ಷ ನಮ್ಮ ದೇಶದ ವಿದ್ಯಾರ್ಥಿಗಳು 3 ಲಕ್ಷ 31 ಸಾವಿರ ದಾಟಿ ಮೊದಲ ಸ್ಥಾನಕ್ಕೆ ಬಂದರು. ಅವರು ಲೆಕ್ಕ ಹಾಕಿ ಹಿಂದೆ ಸರಿಯುತ್ತಿರುವಾಗ ನಾವು ಮುನ್ನುಗ್ಗುತ್ತಿದ್ದೇವೆ. ಲೆಕ್ಕ ಹಾಕಿ ಹೋಗುತ್ತಿದ್ದೇವೆಯೇ?

ನಮ್ಮಲ್ಲಿ ಬೆಳೆದದ್ದು ಏನು?

ನಮ್ಮ ರಾಜ್ಯದಲ್ಲೂ ವಿಶ್ವವಿದ್ಯಾಲಯಗಳು ಬೆಳೆದಿವೆ. 1916ರಲ್ಲಿ ಮೈಸೂರು, ನಂತರ ಧಾರವಾಡ, 1964ರಲ್ಲಿ ಬೆಂಗಳೂರು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರು ಪಾಲಾಯಿತು. 2023ರಲ್ಲಿ ಬೀದರ್, ಹಾವೇರಿ, ಕೊಡಗು, ಚಾಮರಾಜನಗರ, ಹಾಸನ, ಕೊಪ್ಪಳ, ಬಾಗಲಕೋಟೆಗಳಿಗೆ ಹೊಸ ವಿಶ್ವವಿದ್ಯಾಲಯಗಳು ಬಂದವು. ಎರಡೇ ವರ್ಷದಲ್ಲಿ, 2025ರ ಫೆಬ್ರವರಿಯಲ್ಲಿ, ಹಣದ ಕೊರತೆಯ ಕಾರಣಕ್ಕೆ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಸಲಹೆ ಸಚಿವ ಸಂಪುಟದ ಉಪಸಮಿತಿಯಿಂದ ಬಂತು. ಬೋರ್ಡು ಹಾಕುವುದು ಸುಲಭ. ಅಧ್ಯಾಪಕರನ್ನೂ ಪ್ರಯೋಗಾಲಯವನ್ನೂ ಕೊಡುವುದು ಕಷ್ಟ.

ನಮ್ಮ ರಾಮನಗರ, ಕನಕಪುರದ ಕಡೆಯೇ ನೋಡಿ. ಹಾರೋಹಳ್ಳಿ, ಜಕ್ಕಸಂದ್ರದ ಸುತ್ತ ಖಾಸಗಿ ವಿಶ್ವವಿದ್ಯಾಲಯಗಳ ಎತ್ತರದ ಕಟ್ಟಡಗಳಿವೆ. ರಾಮನಗರದ ಅರ್ಚಕರಹಳ್ಳಿಗೆ ಬರಬೇಕಿದ್ದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕ್ಯಾಂಪಸ್ ಮಾತ್ರ ವರ್ಷಗಟ್ಟಲೆ ಜಮೀನಿನ ವ್ಯಾಜ್ಯದಲ್ಲಿ ಸಿಲುಕಿತು. ಕಣ್ಣೆದುರಿಗೆ ಕಾಲೇಜು ಇದ್ದರೂ ಅದರ ಫೀಸು ಕೈಗೆ ಎಟುಕದಿದ್ದರೆ ರೀಲಿಂಗ್ ಘಟಕದಲ್ಲಿ ಬಿಸಿನೀರಿಗೆ ಕೈಯಿಟ್ಟು ಗೂಡು ಬಿಚ್ಚುವ ತಂದೆಗೆ ಅದು ಅಮೆರಿಕದಷ್ಟೇ ದೂರ.

ಸಮುದಾಯದ ಸ್ಥಿತಿ ಇನ್ನೂ ಚಿಂತಾಜನಕ. ಕೇಂದ್ರ ಸರಕಾರದ 2020-21ರ ಉನ್ನತ ಶಿಕ್ಷಣ ಸಮೀಕ್ಷೆಯಂತೆ ದೇಶದ ಕಾಲೇಜು ವಿದ್ಯಾರ್ಥಿಗಳಲ್ಲಿ ಮುಸ್ಲಿಮರು ನೂರಕ್ಕೆ 4.6 ಮಾತ್ರ. ಜನಸಂಖ್ಯೆಯಲ್ಲಿ ನಮ್ಮ ಪಾಲು ನೂರಕ್ಕೆ 14. ಹದಿನಾಲ್ಕನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಇಬ್ನು ಬತೂತ ಅಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡುದಾಗಿಯೂ ಅಲ್ಲಿನ ಮಹಿಳೆಯರಿಗೆ ಕುರ್‌ಆನ್ ಕಂಠಪಾಠವಿದ್ದುದಾಗಿಯೂ ಹೇಳಿದ್ದಾನೆ. ಲೋಕ ಸುತ್ತಿದ ಆ ಪ್ರವಾಸಿಯನ್ನು ಬೆರಗುಗೊಳಿಸಿದ ಮುಸ್ಲಿಮರು ಇದೇ ಕನ್ನಡ ನೆಲದವರು. ಇಂದು ಮಗಳನ್ನು ಇಪ್ಪತ್ತು ಮೈಲಿ ದೂರದ ಕಾಲೇಜಿಗೆ ಕಳುಹಿಸಲು ಹಿಂಜರಿಯುವ ನಾವು ಮಗನಿಗಾಗಿ ಸಾವಿರಾರು ಮೈಲಿಯ ಟಿಕೆಟ್ ಕೊಳ್ಳುತ್ತೇವೆ.

ವೈದ್ಯನಾಗುವ ದಾರಿಯಲ್ಲಿ

ಹೊರದೇಶಕ್ಕೆ ಹೋಗುವ ನಮ್ಮ ಸಾಮಾನ್ಯ ಕುಟುಂಬಗಳ ಮಕ್ಕಳಲ್ಲಿ ಬಹಳಷ್ಟು ಮಂದಿ ಎಂಬಿಬಿಎಸ್‌ಗಾಗಿ ಹೋಗುವವರು. ಹಾವೇರಿ ಜಿಲ್ಲೆಯ ಚಳಗೇರಿಯ ನವೀನ್ ಶೇಖರಪ್ಪ 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಯುದ್ಧಕ್ಕೆ ಬಲಿಯಾದಾಗ ಇಡೀ ರಾಜ್ಯ ಕಣ್ಣೀರಿಟ್ಟಿತು. ಪಿಯುಸಿಯಲ್ಲಿ ನೂರಕ್ಕೆ 97 ಅಂಕ ಬಂದರೂ ಮಗನಿಗೆ ಇಲ್ಲಿ ಸೀಟು ಸಿಗಲಿಲ್ಲವೆಂದು ಅವನ ತಂದೆ ಅಂದು ಹೇಳಿದ ಮಾತನ್ನು ನಾವು ಮರೆಯಬಾರದು. ಹೋದವರನ್ನು ದೂರುವುದು ಸುಲಭ, ಅವರನ್ನು ಹೊರಗೆ ದೂಡಿದ ವ್ಯವಸ್ಥೆಯನ್ನು ಪ್ರಶ್ನಿಸುವವರು ಕಡಿಮೆ.

ಆದರೂ ಹೋಗುವವರು ಕಣ್ಣು ತೆರೆದು ಹೋಗಲಿ. ಬೀಜಿಂಗ್‌ನ ಭಾರತೀಯ ರಾಯಭಾರ ಕಚೇರಿ 2022ರಲ್ಲಿ ಒಂದು ಎಚ್ಚರಿಕೆ ಪ್ರಕಟಿಸಿತು. ಚೀನಾದಲ್ಲಿ ಓದಿ 2015ರಿಂದ 2021ರವರೆಗೆ ನಮ್ಮ ದೇಶದ ಅರ್ಹತಾ ಪರೀಕ್ಷೆ ಬರೆದ 40,417 ಜನರಲ್ಲಿ ತೇರ್ಗಡೆಯಾದವರು 6,387 ಮಾತ್ರ ಎಂದು ಅದು ತಿಳಿಸಿತು. ನೂರರಲ್ಲಿ ಹದಿನಾರು! ಉಳಿದವರ ಕೈಯಲ್ಲಿ ಪದವಿಯಿದೆ, ಆದರೆ ಇಲ್ಲಿ ಚೀಟಿ ಬರೆಯುವ ಹಕ್ಕಿಲ್ಲ. ಚೀನಾ 2020ರಲ್ಲಿ ಕೋವಿಡ್‌ನಿಂದಾಗಿ ಗಡಿ ಮುಚ್ಚಿದಾಗ ನಮ್ಮ ಸಾವಿರಾರು ಮಕ್ಕಳು ಎರಡು ವರ್ಷಕ್ಕೂ ಹೆಚ್ಚು ಕಾಲ ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ವೈದ್ಯಕೀಯ ಕಲಿತರು.

ಆದ್ದರಿಂದ ಹಣ ಕಟ್ಟುವ ಮುನ್ನ ಈ ಪ್ರಶ್ನೆಗಳಿಗೆ ಲಿಖಿತ ಉತ್ತರ ಕೇಳಿ. ಮಗು ನೀಟ್‌ನಲ್ಲಿ ಅರ್ಹತೆ ಪಡೆದಿದೆಯೇ? 2021ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮದಂತೆ ಕೋರ್ಸು ಕನಿಷ್ಠ 54 ತಿಂಗಳಿನದೇ? ಪಾಠ ಇಂಗ್ಲಿಷಿನಲ್ಲಿದೆಯೇ? 12 ತಿಂಗಳ ಇಂಟರ್ನ್‌ಶಿಪ್ ಅದೇ ಸಂಸ್ಥೆಯಲ್ಲಿ ಸಿಗುತ್ತದೆಯೇ? ಆ ಪದವಿಯಿಂದ ಆ ದೇಶದಲ್ಲಿ ವೈದ್ಯನಾಗಲು ಪರವಾನಗಿ ಸಿಗುತ್ತದೆಯೇ? ಈ ಪೈಕಿ ಒಂದು ತಪ್ಪಿದರೂ ಮರಳಿ ಬಂದವನು ಇಲ್ಲಿ ವೈದ್ಯನಾಗಲಾರ. ಏಜೆಂಟರ ಬಾಯಿಮಾತನ್ನು ನಂಬಬೇಡಿ. ಮೊದಲ ಪ್ರಶ್ನೆಗೇ ಸಿಟ್ಟಾಗುವವರಿಂದ ದೂರವಿರಿ.

ಹಣದ ವಿಷಯದಲ್ಲೂ ಒಂದು ಮಾತು. ಬಡ್ಡಿಯ ಸಾಲಕ್ಕೆ ಕೈಯೊಡ್ಡುವ ಮುನ್ನ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಜಿಲ್ಲಾ ಕಚೇರಿಗೆ ಹೋಗಿ ಅರಿವು ಯೋಜನೆಯ ಮತ್ತು ವಿದೇಶ ವ್ಯಾಸಂಗದ ಸಾಲದ ಈ ವರ್ಷದ ನಿಯಮ ಕೇಳಿಕೊಳ್ಳಿ. ಕೇಂದ್ರದ 'ಪಢೋ ಪರದೇಸ್' ಬಡ್ಡಿ ಸಹಾಯಧನ 2022-23ರಲ್ಲಿ ನಿಂತುಹೋಗಿದೆ. ಇನ್ನೂ ಇದೆ ಎಂದು ಹೇಳುವವರ ಮಾತಿಗೆ ಮರುಳಾಗಬೇಡಿ.

ಬೈರಮಂಗಲಕ್ಕೆ ಯಾರು ಬೇಕು?

ಇನ್ನು ಮರಳುವ ಮಾತು. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಇರುವ ಕಡೆಯಿಂದಲೇ ವೃಷಭಾವತಿ ಹರಿದುಬಂದು ನಮ್ಮ ಬೈರಮಂಗಲದ ಕೆರೆ ಸೇರುತ್ತದೆ. ನೀರಾವರಿಗೆಂದು ಕಟ್ಟಿದ ಕೆರೆಗೆ ಬೆಂಗಳೂರಿನ ಕೊಳಚೆ ತುಂಬಿತು, ನೊರೆ ಎದ್ದಿತು, ದುರ್ನಾತ ಹರಡಿತು. ನಗರದ ಕೊಳೆ ನಮ್ಮ ಊರು ಮುಟ್ಟಲು ದಾರಿ ಕೇಳಲಿಲ್ಲ. ಅದೇ ನಗರದ ವಿದ್ಯೆ ಮಾತ್ರ ನಮ್ಮ ಮನೆಗಳಿಗೆ ತಾನಾಗಿ ಹರಿದು ಬರಲಿಲ್ಲ, ಬರುವುದೂ ಇಲ್ಲ. ನಾವೇ ಹೋಗಿ ತರಬೇಕು.

ಈ ನೀರನ್ನು ಶುದ್ಧಗೊಳಿಸುವ ವಿದ್ಯೆ ಕಲಿತ ಮಗ ಬೇಕು. ಈ ನೀರಿನ ದಡದಲ್ಲಿ ಬದುಕುವವರ ಚರ್ಮ, ಹೊಟ್ಟೆ ನೋಡುವ ವೈದ್ಯೆಯಾದ ಮಗಳು ಬೇಕು. ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗುವವರಿಗೆ ಚೀನಾ ರೇಷ್ಮೆಯ ಹೆಸರು ಗೊತ್ತು. 2011ರಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ನೂರಕ್ಕೆ 30ರಿಂದ 5ಕ್ಕೆ ಇಳಿದು ಗೂಡಿನ ಬೆಲೆ ಕುಸಿದುದನ್ನು ನಮ್ಮ ರೈತರೂ ರೀಲರುಗಳೂ ಮರೆತಿಲ್ಲ. ಈಗ ನಮ್ಮಲ್ಲಿ ನಡೆಯುವ ಸ್ವಯಂಚಾಲಿತ ರೀಲಿಂಗ್ ಯಂತ್ರಗಳೂ ಚೀನಾದಿಂದ ಬಂದವು. ಆ ಯಂತ್ರವನ್ನು ಕೊಳ್ಳುವವರು ನಮ್ಮಲ್ಲಿದ್ದಾರೆ, ಅದಕ್ಕಿಂತ ಒಳ್ಳೆಯದನ್ನು ಇಲ್ಲೇ ಮಾಡುವಷ್ಟು ಕಲಿತವರು ಬೇಕು.

ಅದಕ್ಕಾಗಿ ಎಲ್ಲರೂ ವಿಮಾನ ಹತ್ತಬೇಕಿಲ್ಲ. ತಲಘಟ್ಟಪುರದಲ್ಲಿ ರೇಷ್ಮೆ ಸಂಶೋಧನಾ ಸಂಸ್ಥೆಯಿದೆ. ಬಿಡದಿಯಲ್ಲಿ ಹತ್ತನೇ ತರಗತಿ ಮುಗಿಸಿದ ಹಳ್ಳಿಯ ಮಕ್ಕಳಿಗೆ ಟೊಯೊಟಾ ಸಂಸ್ಥೆ 2007ರಿಂದ ನಡೆಸುತ್ತಿರುವ ತಾಂತ್ರಿಕ ತರಬೇತಿ ಶಾಲೆಯಿದೆ. ಇಲ್ಲಿ ಸಿಗುವುದನ್ನು ಇಲ್ಲೇ ಕಲಿಯಲಿ. ಇಲ್ಲಿ ಸಿಗದಿರುವುದಕ್ಕಾಗಿ, ಅದನ್ನು ಅರಗಿಸಿಕೊಳ್ಳುವ ಶಕ್ತಿಯಿರುವ ಮಗು ಎಲ್ಲಿಗೆ ಬೇಕಾದರೂ ಹೋಗಲಿ. ಪರೀಕ್ಷೆಗೆ ಹೆದರಿ, ನೆಂಟರ ಎದುರು ಮರ್ಯಾದೆಗಾಗಿ, 'ಫಾರಿನ್' ಎಂಬ ಹೆಸರಿಗಾಗಿ ಮಾತ್ರ ಬೇಡ.

ಮರಳಿದವನನ್ನು ಕಾಣುವ ನಮ್ಮ ಕಣ್ಣೂ ಬದಲಾಗಬೇಕು. 'ಅಲ್ಲೇ ಇರಬಾರದಿತ್ತೇ? ಇಲ್ಲಿ ಏನಿದೆ?' ಎಂದು ಅವನನ್ನು ಕೇಳುವವರು ನಾವೇ. ಚೀನೀಯರು ಮರಳಿದವರಿಗೆ ಕುರ್ಚಿ ಹಾಕಿಟ್ಟರು. ನಮ್ಮ ಜಮಾಅತ್, ನಮ್ಮ ಶಾಲಾ ಸಮಿತಿ, ನಮ್ಮ ಊರು ಅವನಿಗೆ ಏನು ಹಾಕಿಟ್ಟಿದೆ? ವರ್ಷಕ್ಕೊಮ್ಮೆ ಸನ್ಮಾನದ ಶಾಲು ಹೊದಿಸಿದರೆ ಸಾಲದು. ಒಂದು ಕ್ಲಿನಿಕ್‌ಗೆ ಕಡಿಮೆ ಬಾಡಿಗೆಯ ಕೋಣೆ, ಒಂದು ತರಗತಿಗೆ ವಾರಕ್ಕೆರಡು ಗಂಟೆ, ಪಿಯುಸಿ ಮಕ್ಕಳನ್ನು ಅವನ ಎದುರು ಕೂರಿಸುವ ವ್ಯವಸ್ಥೆ, ಇಷ್ಟನ್ನು ಮಾಡಲು ಕೋಟಿ ರೂಪಾಯಿ ಬೇಕಾಗಿಲ್ಲ.

ಇಂದು ರಾತ್ರಿ ಊಟದ ಹೊತ್ತಿಗೆ ಮಗುವಿನ ಜೊತೆ ಕುಳಿತುಕೊಳ್ಳಿ. 'ಎಲ್ಲಿಗೆ ಹೋಗುತ್ತೀ?' ಎಂದು ಕೇಳುವ ಮೊದಲು 'ಏನು ಕಲಿಯುತ್ತೀ? ಕಲಿತು ಯಾರಿಗೆ ಉಪಯೋಗವಾಗುತ್ತೀ?' ಎಂದು ಕೇಳಿ. ಆ ಉತ್ತರ ಗಟ್ಟಿಯಾಗಿದ್ದರೆ ದೂರ ದೊಡ್ಡದಲ್ಲ. ನಮ್ಮ ಮಕ್ಕಳಿಗೆ ಫಲಕಾರಿ ವಿದ್ಯೆಯನ್ನೂ, ಆ ವಿದ್ಯೆಯನ್ನು ತಮ್ಮವರೊಂದಿಗೆ ಹಂಚಿಕೊಳ್ಳುವ ಮನಸ್ಸನ್ನೂ ಅಲ್ಲಾಹನು ಕರುಣಿಸಲಿ. ಆಮೀನ್.