ಬಸಿಗಾಲುವೆ ಹಸಿರಾಗುವುದೇಕೆ?

ಮಕ್ಕಳೇ, ಭತ್ತದ ಗದ್ದೆಗೆ ಯೂರಿಯಾ ಎರಚಿದ ಕೆಲವು ದಿನಗಳ ಮೇಲೆ ಪಕ್ಕದ ಬಸಿಗಾಲುವೆಯನ್ನು ಗಮನಿಸಿದ್ದೀರಾ? ತಿಳಿಯಾಗಿದ್ದ ನೀರು ಹಸಿರಾಗಿರುತ್ತದೆ, ಅಂಚಿನಲ್ಲಿ ಪಾಚಿ ದಾರದಂತೆ ತೇಲುತ್ತಿರುತ್ತದೆ. ಗದ್ದೆಗೆ ಹಾಕಿದ ಗೊಬ್ಬರ ಪಾಚಿಗೆ ಸಿಕ್ಕಿದ್ದು ಹೇಗೆ?

ಮೊದಲು ಒಂದು ಲೆಕ್ಕ. ಯೂರಿಯಾದಲ್ಲಿ ಶೇಕಡ 46 ಭಾಗ ಸಾರಜನಕವಿದೆ. ಚೀಲ 45 ಕಿಲೋ ತೂಗುತ್ತದೆ. ಅದರಲ್ಲಿರುವ ಸಾರಜನಕ 20.7 ಕಿಲೋ. ನೀರು ನಿಂತ ಗದ್ದೆಯಲ್ಲಿ ಭತ್ತದ ಪೈರು ಸಾಮಾನ್ಯವಾಗಿ ಇದರ ಅರ್ಧವನ್ನೂ ಹೀರಿಕೊಳ್ಳುವುದಿಲ್ಲ. ಉಳಿದದ್ದು ಸ್ವಲ್ಪ ಅಮೋನಿಯಾ ಅನಿಲವಾಗಿ ಹಾರುತ್ತದೆ, ಸ್ವಲ್ಪ ಮಣ್ಣಿನಲ್ಲಿ ಉಳಿಯುತ್ತದೆ, ಸ್ವಲ್ಪ ನೀರಿನೊಡನೆ ಹೊರಡುತ್ತದೆ. ಅಪ್ಪ ಕೊಟ್ಟ ಹಣವೂ ಅದರ ಜೊತೆಗೇ ಹೊರಟಿತು ಎನ್ನಿ!

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಗಂಗಾವತಿ, ಸಿಂಧನೂರು ಕಡೆಯ ಗದ್ದೆಗಳಿಗೆ ಹರಿಯುತ್ತದೆ. ಹೆಚ್ಚಾದ ನೀರು ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ, ಕೊನೆಗೆ ಮತ್ತೆ ನದಿಗೇ ಸೇರುತ್ತದೆ. ನದಿಯಿಂದ ಬಂದ ನೀರು ಗೊಬ್ಬರ ಹೊತ್ತು ನದಿಗೆ ಮರಳುತ್ತದೆ.

ಯೂರಿಯಾ ಮೊದಲು ಅಮೋನಿಯಂ ಆಗುತ್ತದೆ. ಇದಕ್ಕೆ ಧನ ವಿದ್ಯುದಂಶ, ಜೇಡಿಮಣ್ಣಿನ ಕಣಗಳಿಗೆ ಋಣ ವಿದ್ಯುದಂಶ. ಆದ್ದರಿಂದ ಮಣ್ಣು ಅದನ್ನು ಹಿಡಿದುಕೊಳ್ಳುತ್ತದೆ. ಆದರೆ ಆಮ್ಲಜನಕ ಸಿಗುವ ಕಡೆ ಬ್ಯಾಕ್ಟೀರಿಯಾಗಳು ಅಮೋನಿಯಂ ಅನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ನೈಟ್ರೇಟ್‌ಗೂ ಋಣ ವಿದ್ಯುದಂಶ. ಮಣ್ಣು ಕೈಬಿಡುತ್ತದೆ, ನೀರು ಒಯ್ಯುತ್ತದೆ. (2015ರಿಂದ ನಮ್ಮ ದೇಶದ ಯೂರಿಯಾಕ್ಕೆ ಬೇವಿನ ಎಣ್ಣೆ ಸವರುವುದು ಈ ಬ್ಯಾಕ್ಟೀರಿಯಾಗಳ ಕೆಲಸ ನಿಧಾನವಾಗಲೆಂದೇ.)

ಪಾಚಿ ಹೆಚ್ಚಿದರೆ ಮೀನಿಗೇನು ತೊಂದರೆ? ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ನಿಜ. ರಾತ್ರಿ ಬಿಸಿಲಿಲ್ಲ, ಆದರೆ ಉಸಿರಾಟ ನಿಲ್ಲುವುದಿಲ್ಲ. ಸತ್ತ ಪಾಚಿ ಕೊಳೆಯುವಾಗಲೂ ಆಮ್ಲಜನಕ ಖರ್ಚಾಗುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುವುದು ಇದಕ್ಕೇ.

ನೈಟ್ರೇಟ್ ಬಾವಿಗೂ ಇಳಿಯಬಲ್ಲದು. ಕುಡಿಯುವ ನೀರಿನ ಒಂದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ನಮ್ಮ ದೇಶದ ಮಾನಕವಿದೆ. ಅತಿಯಾದರೆ ಆರು ತಿಂಗಳೊಳಗಿನ ಕೂಸುಗಳ ರಕ್ತ ಆಮ್ಲಜನಕ ಸಾಗಿಸಲಾರದೆ ಮೈ ನೀಲಿಯಾಗಬಹುದು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಹೋಗದು, ನೀರು ಆವಿಯಾಗಿ ಪ್ರಮಾಣ ಹೆಚ್ಚುತ್ತದೆ! ಪರೀಕ್ಷೆ ಮಾಡಿಸುವುದೊಂದೇ ದಾರಿ.

ತಡೆಯುವ ಕೆಲಸ ಗದ್ದೆಯಲ್ಲೇ ಶುರುವಾಗಬೇಕು. ಗೊಬ್ಬರವನ್ನು ಎರಡು ಮೂರು ಕಂತುಗಳಲ್ಲಿ ಕೊಡುವುದು, ಎರಚಿದ ಮೇಲೆ ಕೆಲವು ದಿನ ನೀರು ಹೊರಬಿಡದಂತೆ ಬದುವಿನ ಮಡೆ ಕಟ್ಟುವುದು, ಎಲೆ ಬಣ್ಣದ ಪಟ್ಟಿ ಹಿಡಿದು ಪೈರಿಗೆ ನಿಜವಾಗಿ ಹಸಿವಿದೆಯೇ ಎಂದು ನೋಡುವುದು.

ಬಸಿಗಾಲುವೆಯೂ ನೆರವಾಗುತ್ತದೆ. ಅಲ್ಲಿ ಬೆಳೆದ ಜೊಂಡು, ಹುಲ್ಲು ನೀರನ್ನು ನಿಧಾನಿಸಿ ನೈಟ್ರೇಟ್ ಹೀರುತ್ತವೆ. ಕೆಳಗಿನ ಕೆಸರಿನಲ್ಲಿ ಆಮ್ಲಜನಕವಿಲ್ಲ. ಅಲ್ಲಿನ ಬೇರೆ ಬ್ಯಾಕ್ಟೀರಿಯಾಗಳು ಕೊಳೆತ ಎಲೆ ತಿಂದು, ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಅಮೆರಿಕದ ಅಯೋವಾ ರಾಜ್ಯದ ಕೆಲವು ರೈತರು ಮರದ ಚಕ್ಕೆ ತುಂಬಿದ ಕಂದಕದ ಮೂಲಕ ಬಸಿನೀರು ಹಾಯಿಸುವುದು ಇದೇ ತತ್ವದ ಮೇಲೆ. ಆದ್ದರಿಂದ ಹೂಳು ತೆಗೆಯುವಾಗ ಜೆಸಿಬಿ ತಂದು ಎರಡೂ ದಡ ಬೋಳಿಸುವುದು ನನಗಂತೂ ಸರಿಕಾಣದು. ಈ ವರ್ಷ ಒಂದು ಬದಿ, ಮುಂದಿನ ವರ್ಷ ಇನ್ನೊಂದು ಬದಿ ಮಾಡಬಹುದಲ್ಲ?

ಮಾಡಿ ನೋಡಿ: ಎರಡು ಗಾಜಿನ ಬಾಟಲಿಗಳಿಗೆ ಬಸಿಗಾಲುವೆಯ ನೀರು ತುಂಬಿಸಿ. ಒಂದಕ್ಕೆ ನಾಲ್ಕೈದು ಕಾಳು ಯೂರಿಯಾ ಹಾಕಿ, ಇನ್ನೊಂದನ್ನು ಹಾಗೇ ಬಿಡಿ. ಎರಡನ್ನೂ ಕಿಟಕಿಯ ಬೆಳಕಿನಲ್ಲಿಟ್ಟು ಎರಡು ವಾರ ದಿನವೂ ಬಣ್ಣ ಬರೆದಿಡಿ. ಕೈ ತೊಳೆಯಲು ಮರೆಯಬೇಡಿ.